ಟಿಕ್ ಟಿಕ್ ನಿಲ್ಲಿಸಿದ ಮೇಲೆ: ಕಲಬುರಗಿಯಲ್ಲಿ ಒಂದು ಭಜನಾ ಮೇಳದ ಧ್ವನಿಮುದ್ರಣ

ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಊರಿನ ಭಜನಾ ಮೇಳ ಹನ್ನೆರಡು ತತ್ವಪದಗಳನ್ನು ಧ್ವನಿಮುದ್ರಿಸಲೆಂದು ಕಲಬುರಗಿಯ ಒಂದು ಸಣ್ಣ ಸ್ಟುಡಿಯೋಕ್ಕೆ ಬಂದದ್ದು ಮೇ ತಿಂಗಳ ಮೊದಲ ವಾರದಲ್ಲಿ. ಹದಿನೇಳು ದಿನ ಕಳೆದರೂ ಮುಗಿದದ್ದು ಮೂರೇ ಪದ. ಆ ಮೂರರಲ್ಲಿ ಒಂದನ್ನು ಕೇಳಿದ ಮೇಳದ ಹಿರಿಯರು "ಇದು ನಾವು ಹಾಡಿದ್ದಲ್ಲ" ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಸ್ಟುಡಿಯೋ ನಡೆಸುವ ಹುಡುಗ ನನಗೆ ಫೋನ್ ಮಾಡಿದ್ದು ಅದೇ ಸಂಜೆ.

ನಾನು ಸ್ಟುಡಿಯೋದ ಮನುಷ್ಯನಲ್ಲ. ನಾಟಕ, ಬಯಲಾಟ, ಜಾತ್ರೆಗಳಿಗೆ ಮೈಕು, ಮಿಕ್ಸರ್ ಹೊತ್ತುಕೊಂಡು ತಿರುಗಿದವನು. ಅಲ್ಲಿ ಮುದ್ರಿಸಿದ್ದನ್ನು ಮನೆಯಲ್ಲಿ ಕುಳಿತು ಹಸನು ಮಾಡುವ ಅಭ್ಯಾಸ ಆರೇಳು ವರ್ಷಗಳಿಂದ ಬಿದ್ದಿದೆ, ಅಷ್ಟೇ. ಹುಡುಗ ಸಾಫ್ಟ್‌ವೇರ್‌ನಲ್ಲಿ ನನಗಿಂತ ಪಳಗಿದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಅವನಿಗೆ ಕೆಲಸ ಬರುತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಮದುವೆ ವಿಡಿಯೋಗಳಿಗೆ, ಮೆರವಣಿಗೆಯ ಡಿಜೆ ಹಾಡುಗಳಿಗೆ ಅವನು ಒಂದೇ ರಾತ್ರಿಯಲ್ಲಿ ಸಂಗೀತ ಕಟ್ಟಿಕೊಟ್ಟದ್ದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಅದೇ ಹುಡುಗ ಇಲ್ಲಿ ಹದಿನೇಳು ದಿನ ಒದ್ದಾಡಿದ. ಏಕೆ ಎಂಬುದೇ ಈ ಪ್ರಕರಣ.

ಕಾಲ ಎರಡೂ ಕಡೆಯಿಂದ ಒತ್ತುತ್ತಿತ್ತು. ಮೇಳದವರೆಲ್ಲ ಒಕ್ಕಲುತನದವರು. ಜೂನ್ ಮೊದಲ ವಾರ ದಾಟಿ ಮೃಗಶಿರಾ ಮಳೆ ಹಿಡಿದರೆ ಹೆಸರು, ಉದ್ದು, ತೊಗರಿ ಬಿತ್ತನೆಗೆ ಇಳಿಯುತ್ತಾರೆ. ಆಮೇಲೆ ತಬಲಾದವನು ಸಿಕ್ಕರೆ ಹಾರ್ಮೋನಿಯಂದವರು ಸಿಗುವುದಿಲ್ಲ. ಅತ್ತ ಶ್ರಾವಣ. ಶ್ರಾವಣವಿಡೀ ನಮ್ಮ ಕಡೆ ಮಠ, ಗುಡಿಗಳಲ್ಲಿ ರಾತ್ರಿ ಭಜನೆ ನಡೆಯುತ್ತದೆ. ಅಷ್ಟರೊಳಗೆ ಪದಗಳು ಪೆನ್‌ಡ್ರೈವ್‌ಗಳಲ್ಲಿ, ಮೊಬೈಲ್‌ಗಳಲ್ಲಿ ಊರೂರು ಮುಟ್ಟಬೇಕೆಂಬುದು ಅವರ ಆಸೆ. ಈ ಜಿಲ್ಲೆಗೆ ತತ್ವಪದ ಹೊಸದಲ್ಲ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಖೈನೂರು ಕೃಷ್ಣಪ್ಪನವರೂ ಇದ್ದರು, ಚೆನ್ನೂರು ಜಲಾಲಸಾಬರೂ ಇದ್ದರು. ಆ ಹಾದಿಯ ಪದಗಳನ್ನು ಹಾಳೆ ನೋಡದೆ ಬೆಳಗಿನವರೆಗೆ ಹಾಡುವ ಮೇಳಗಳು ಇಂದಿಗೂ ಇವೆ. ಇದು ಅಂಥದ್ದೇ ಒಂದು.

ನೋಟ್‌ಬುಕ್ಕಿನಲ್ಲಿ ಒಂದು ದಿನ

ಮರುದಿನ ಬೆಳಗ್ಗೆ ಹತ್ತಕ್ಕೆ ಹೋಗಿ ಕೋಣೆಯ ಮೂಲೆಯಲ್ಲಿ ಕುಳಿತೆ. ಬಾಯಿ ಬಿಡಬಾರದು, ಬರೀ ಬರೆದುಕೊಳ್ಳಬೇಕು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಶಹಾಬಜಾರ್ ಕಡೆಯ ಹಳೆಯ ಮನೆ, ಮಾಳಿಗೆಯ ಮೇಲಿನ ಕೋಣೆ. ನೆಲಕ್ಕೆ ಶಹಾಬಾದ್ ಕಲ್ಲಿನ ಪರಸಿ; ನಾಲ್ಕು ಗೋಡೆಗಳಲ್ಲಿ ಒಂದಕ್ಕೆ ಮಾತ್ರ ಸದ್ದು ಹೀರುವ ಸ್ಪಂಜು. ಹೊರಗೆ 42 ಡಿಗ್ರಿ. ಕೂಲರ್ ಹಚ್ಚಿದರೆ ಮೈಕಿನಲ್ಲಿ ಬಿರುಗಾಳಿ, ಆರಿಸಿದರೆ ಐದೇ ನಿಮಿಷದಲ್ಲಿ ಹಾಡುಗಾರರು ಬೆವರಿನಲ್ಲಿ ತೊಯ್ದಿರುತ್ತಿದ್ದರು. ಲ್ಯಾಪ್‌ಟಾಪ್‌ನ ಒಳಗಿನ ಫ್ಯಾನು ಬೇರೆ ಬುಸುಗುಡುತ್ತಿತ್ತು. ಬಿಸಿ ಏರಿದಂತೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬೆಳಗ್ಗೆ ಸರಾಗವಾಗಿ ನುಡಿದ ಪ್ರಾಜೆಕ್ಟು ಮಧ್ಯಾಹ್ನ ಹುರಿಗಡಲೆ ಸಿಡಿದಂತೆ ಪಟಪಟ ಅನ್ನುವುದು ಇದರಿಂದಲೇ.

ಹುಡುಗನ ಹತ್ತಿರ ಎರಡು ಮೈಕು ಹಿಡಿಯುವ ಇಂಟರ್‌ಫೇಸ್, ಅಂದರೆ ಮೈಕಿನ ಧ್ವನಿಯನ್ನು ಲ್ಯಾಪ್‌ಟಾಪ್‌ಗೆ ಒಯ್ಯುವ ಪೆಟ್ಟಿಗೆ ಇತ್ತು. ಪದ್ಧತಿ ಹೀಗೆ: ಮೊದಲು ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ತಾಳಯಂತ್ರ), ಅದನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತ ಹಾರ್ಮೋನಿಯಂ, ಹಾರ್ಮೋನಿಯಂ ಕೇಳುತ್ತ ತಬಲಾ, ಅದರ ಮೇಲೆ ಮುಖ್ಯ ಹಾಡುಗಾರರು, ಕೊನೆಗೆ ಹಿಮ್ಮೇಳದ ನಾಲ್ವರು ಇಬ್ಬಿಬ್ಬರಾಗಿ. ಸಿನಿಮಾ ಹಾಡು ಕಟ್ಟುವುದು ಹೀಗೆಯೇ. ಡಿಜೆ ಹಾಡಿಗೂ ಇದೇ ದಾರಿ.

ಏಳು ಗಂಟೆ ಕುಳಿತು ಬರೆದುಕೊಂಡ ಲೆಕ್ಕ ಇದು. ಉಳಿಸಿಕೊಳ್ಳಬಹುದಾದ ಹಾಡು ಮುದ್ರಣವಾದದ್ದು 22 ನಿಮಿಷ. ಮೆಟ್ರೊನೋಮ್ ಬಿಟ್ಟು ಹೋದ ಪೆಟ್ಟುಗಳನ್ನು ಎಳೆದು ಪರದೆಯ ಮೇಲಿನ ತಾಳದ ಗೆರೆಗೆ ಕೂರಿಸಿದ್ದು 2 ಗಂಟೆ 40 ನಿಮಿಷ. "ಆ ಚೆನ್ನಾಗಿದ್ದ ಟೇಕ್ ಎಲ್ಲಿ?" ಎಂದು ಹುಡುಕಿದ್ದು 1 ಗಂಟೆ 10 ನಿಮಿಷ. ಮಾರ್ದನಿ ಕೊಡುವ ರಿವರ್ಬ್ ಮತ್ತಿತರ ಪ್ಲಗಿನ್‌ಗಳನ್ನು (ಧ್ವನಿ ತಿದ್ದುವ ಸಣ್ಣ ಸಾಫ್ಟ್‌ವೇರ್‌ಗಳನ್ನು) ಒಂದಾದ ಮೇಲೊಂದು ಹಾಕಿ, ತೆಗೆದು ನೋಡಿದ್ದು 65 ನಿಮಿಷ. ಎಂಪಿ3 ಮಾಡಿ ಮೇಳದವರ ಮೊಬೈಲಿಗೆ ಕಳಿಸಿ ಉತ್ತರಕ್ಕೆ ಕಾದದ್ದು 50. ಒಮ್ಮೆ ಕರೆಂಟು ಹೋಗಿ, ಎರಡು ಸಲ ಸಾಫ್ಟ್‌ವೇರ್ ಕುಸಿದು ಮತ್ತೆ ಎದ್ದದ್ದು 45. ಚಹಾಕ್ಕೆ ಎಂಟು ನಿಮಿಷ ಎಂದು ಬರೆದಿದ್ದೇನೆ; ಕಲಬುರಗಿಯಲ್ಲಿ ಏಳು ಗಂಟೆಗೆ ಎಂಟು ನಿಮಿಷದ ಚಹಾ ಎಂದರೆ ಹುಡುಗ ಎಷ್ಟು ಬೆದರಿದ್ದ ಎಂದು ನೀವೇ ಊಹಿಸಿ.

ಫೈಲುಗಳ ಹೆಸರು ನೋಡಿದಾಗ ಆ 1 ಗಂಟೆ 10 ನಿಮಿಷ ಎಲ್ಲಿ ಹೋಯಿತೆಂದು ತಿಳಿಯಿತು. ಫೈನಲ್, ಫೈನಲ್ 2, ಹೊಸ ಫೈನಲ್, ಹಿರಿಯರು ಹೇಳಿದ ಫೈನಲ್. ಒಂದೊಂದು ಮೈಕಿನ ಧ್ವನಿ ಬೇರೆಬೇರೆಯಾಗಿ ಕೂರುವ ಟ್ರ್ಯಾಕ್‌ಗಳಿಗೆ ಹೆಸರೇ ಇರಲಿಲ್ಲ. ಟ್ರ್ಯಾಕ್ 14 ಎಂದರೆ ತಾಳವೋ ದಮ್ಮಡಿಯೋ ಎಂದು ನುಡಿಸಿ ಕೇಳಬೇಕು. ಆದರೆ ಇದು ರೋಗವಲ್ಲ, ರೋಗದ ಮೇಲೆ ಎದ್ದ ಗುಳ್ಳೆ. ಒಂದು ಪದವನ್ನು ಇಪ್ಪತ್ತಾರು ಚೂರುಗಳಾಗಿ ಮುದ್ರಿಸಿದರೆ ಹೆಸರಿಡುವ ವ್ಯವಧಾನ ಯಾರಿಗಿರುತ್ತದೆ?

ರೋಗ ಕಾಣಿಸಿದ್ದು ಮಧ್ಯಾಹ್ನ ಮೂರರ ಸುಮಾರಿಗೆ. ತಬಲಾದವನು ಹೆಡ್‌ಫೋನ್ ಹಾಕಿಕೊಂಡು ಭಜನಿ ಠೇಕಾ ಹಿಡಿದ. ಮೊದಲ ನುಡಿ ನೆಟ್ಟಗೆ ನಡೆಯಿತು. ಎರಡನೆಯ ನುಡಿ ಮುಗಿದು ಪಲ್ಲವಿಗೆ ಮರಳುವಾಗ ಅವನ ಭುಜ ಮುಂದಕ್ಕೆ ವಾಲಿತು, ಕೈ ಕೂದಲೆಳೆಯಷ್ಟು ಮುಂದೆ ಓಡಿತು. ಅದು ತಪ್ಪಲ್ಲ, ಅಲ್ಲಿ ಓಡಲೇಬೇಕು, ಮೂವತ್ತು ವರ್ಷಗಳಿಂದ ಅಲ್ಲಿ ಓಡಿದ್ದಾನೆ. ಮೆಟ್ರೊನೋಮ್ ಹಿಂದೆ ಉಳಿಯಿತು. ಅವನು ಬೆಚ್ಚಿ ಕೈ ಹಿಡಿದ, ಠೇಕಾ ಮುಗ್ಗರಿಸಿತು, ನಿಲ್ಲಿಸಿದ. ಐದು ಸಲ ಹೀಗೆಯೇ ಆಯಿತು. ಆರನೆಯ ಸಲ ಹೆಡ್‌ಫೋನ್ ಬಿಚ್ಚಿ ಪರಸಿಯ ಮೇಲಿಟ್ಟು ಕೇಳಿದ: "ಈ ಟಿಕ್ ಟಿಕ್ ಯಾರ ತಾಳ?"

ಯಾರದು ಅದು? ಯಾರದೂ ಅಲ್ಲ. ಸಂಗೀತದ ಸಾಫ್ಟ್‌ವೇರ್ ತೆರೆದರೆ ಸಾಮಾನ್ಯವಾಗಿ ನಿಮಿಷಕ್ಕೆ 120 ಪೆಟ್ಟು, ನಾಲ್ಕರ ತಾಳ ಎಂದು ತಾನೇ ಹಾಕಿಕೊಂಡು ಬರುತ್ತದೆ. ಹುಡುಗ ಆ 120ನ್ನು 80ಕ್ಕೆ ಇಳಿಸಿದ್ದ. ಆದರೆ ವೇಗ ಒಂದೇ ಇರಬೇಕು, ಎಲ್ಲ ಪೆಟ್ಟುಗಳೂ ಗೆರೆಯ ಮೇಲೆ ಬೀಳಬೇಕು, ಪದರದ ಮೇಲೆ ಪದರ ಕಟ್ಟಬೇಕು ಎಂಬ ಎಣಿಕೆಯನ್ನು ಇಳಿಸಿರಲಿಲ್ಲ. ಅದು ಅವನ ಕಣ್ಣಿಗೇ ಬಿದ್ದಿರಲಿಲ್ಲ. ಇದೇ ಪದವನ್ನು ಮೇಳ ಗುಡಿಯಲ್ಲಿ ಹಾಡಿದಾಗ ನನ್ನ ಮೊಬೈಲಿನಲ್ಲಿ ಹಿಡಿದದ್ದು ಇತ್ತು. ಬೆರಳಿನಿಂದ ತಟ್ಟಿ ನೋಡಿದೆ. ಪಲ್ಲವಿ 74ರಲ್ಲಿ ಎದ್ದು, ಕೊನೆಯ ನುಡಿ 104ಕ್ಕೆ ಮುಟ್ಟಿತ್ತು. ನಡುವೆ ಎಲ್ಲಿಯೂ ಮೆಟ್ಟಿಲಿಲ್ಲ, ಇಳಿಜಾರಿನಲ್ಲಿ ಬಂಡಿ ಹೋದಂತೆ. ಈ ಬಂಡಿಯನ್ನು ಚೌಕಳಿ ಹಾಳೆಯ ಮೇಲೆ ನಿಲ್ಲಿಸಲು ದಿನಕ್ಕೆ 2 ಗಂಟೆ 40 ನಿಮಿಷ ಹೋಗುತ್ತಿತ್ತು. ಎಳೆದು ಕೂರಿಸಿದ ತಬಲಾದ ಪೆಟ್ಟಿನ ಮೊನೆ ಮೊಂಡಾಗಿ, ಎಡಗೈಯ ಡಗ್ಗಾ ನೀರೊಳಗೆ ಬಡಿದಂತೆ ಕೇಳಿಸುತ್ತಿತ್ತು. ಹಿರಿಯರು "ಇದು ನಾವು ಹಾಡಿದ್ದಲ್ಲ" ಎಂದದ್ದು ಅಕ್ಷರಶಃ ನಿಜವಾಗಿತ್ತು.

ಇನ್ನೊಂದು ಗಂಟು ಹೆಡ್‌ಫೋನಿನಲ್ಲಿತ್ತು. ಭಾರದ ಪ್ಲಗಿನ್‌ಗಳಿಗೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆಂದು ಹುಡುಗ ಬಫರನ್ನು, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವ ಧ್ವನಿಯ ತುಂಡನ್ನು, 1024 ಸ್ಯಾಂಪಲ್‌ಗೆ ಏರಿಸಿಟ್ಟಿದ್ದ. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ ಅದು ಒಳಗೆ ಬರುವಾಗ 21 ಮಿಲಿಸೆಕೆಂಡು ತಡ, ಹೊರಗೆ ಹೋಗುವಾಗ ಇನ್ನೊಂದು 21. ಸಾಫ್ಟ್‌ವೇರ್ ಮೂಲಕ ತನ್ನ ಧ್ವನಿಯನ್ನೇ ಕೇಳಿಸಿಕೊಳ್ಳುವ ಹಾಡುಗಾರನಿಗೆ ಅದು ಹದಿನೈದು ಮೀಟರ್ ಆಚೆಯಿಂದ ಬಂದಂತೆ. ಗುಡಿಯ ಈ ತುದಿಯಲ್ಲಿ ಹಾಡಿ ಆ ತುದಿಯಲ್ಲಿ ಕೇಳಿಸಿಕೊಂಡರೆ ಯಾರಿಗೆ ತಾಳ ನಿಲ್ಲುತ್ತದೆ? ಮುದ್ರಿಸುವಾಗ 128ಕ್ಕೆ ಇಳಿಸಿ, ಮಿಕ್ಸ್ ಮಾಡುವಾಗ 1024ಕ್ಕೆ ಏರಿಸುವುದು ಹುಡುಗನಿಗೆ ಗೊತ್ತಿಲ್ಲದ್ದೇನಲ್ಲ. 128ಕ್ಕೆ ಇಳಿಸಿದರೆ ಪ್ಲಗಿನ್‌ಗಳನ್ನು ತೆಗೆಯಬೇಕು, ತೆಗೆದರೆ ಹಾಡು ಬೋಳಾಗಿ ಕೇಳಿಸುತ್ತದೆ, ಮೇಳದವರು ಬೇಸರಪಡುತ್ತಾರೆ ಎಂಬ ಅಂಜಿಕೆ.

ಸಂಜೆ ಲೆಕ್ಕವನ್ನು ಅವನ ಮುಂದಿಟ್ಟೆ. ಓದಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "22 ನಿಮಿಷವೇ?" ಎಂದಷ್ಟೇ ಕೇಳಿದ.

ಖಾಲಿ ಪ್ರಾಜೆಕ್ಟಿಗೆ ಎರಡು ದಿನ

ಮುಂದಿನ ಎರಡು ದಿನ ನಾವು ಒಂದು ಸ್ವರವನ್ನೂ ಮುದ್ರಿಸಲಿಲ್ಲ. ಮೇಳದವರಿಗೆ ಊರಿಗೆ ಹೋಗಿಬನ್ನಿ ಎಂದೆವು. ಹುಡುಗನಿಗೆ ಇದು ಎದೆ ಒಡೆಯುವ ಮಾತಾಗಿತ್ತು. ಇದ್ದ ಹತ್ತಿಪ್ಪತ್ತು ದಿನಗಳಲ್ಲಿ ಎರಡನ್ನು ಖಾಲಿ ಪ್ರಾಜೆಕ್ಟಿಗೆ ಸುರಿಯುವುದೇ ಎಂದು ಗೊಣಗಿದ.

ಮೊದಲ ಜಗಳ ಸಾಫ್ಟ್‌ವೇರ್ ಬಗ್ಗೆಯೇ ಆಯಿತು. ಅವನದು ಪರವಾನಗಿಯಿಲ್ಲದ ಪ್ರತಿ. ಮೇಲಿಂದ ಮೇಲೆ ಕುಸಿಯುತ್ತಿತ್ತು. ನಾನು ಬಳಸುವುದು ರೀಪರ್. ಅರವತ್ತು ದಿನ ಪೂರ್ತಿ ಬಳಸಿ ನೋಡಬಹುದು, ಸಣ್ಣ ದುಡಿಮೆಯವರಿಗೆ ಪರವಾನಗಿ 60 ಡಾಲರ್, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಹಗುರವಾಗಿ ಓಡುತ್ತದೆ. ಅದರ ಪ್ರಾಜೆಕ್ಟ್ ಫೈಲು ಸಾದಾ ಪಠ್ಯ. ಕೆಟ್ಟರೆ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಬಹುದು. ಬದಲಾಯಿಸಿದೆವು. ಆದರೆ ಬದಲಾಯಿಸಿದ್ದರಿಂದಲೇ ಕೆಲಸ ಬೇಗ ಆಯಿತು ಎಂದು ನಾನು ಹೇಳುವುದಿಲ್ಲ. ಮೊದಲೆರಡು ದಿನ ಹುಡುಗನ ಬೆರಳುಗಳು ಹಳೆಯ ಕೀಲಿಗಳನ್ನೇ ಹುಡುಕಿ ಕೆಲಸ ಇನ್ನೂ ನಿಧಾನವಾಯಿತು. ಅವನ ಹಳೆಯ ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ತಂದಿದ್ದರೂ ಇಲ್ಲಿ ಹೇಳುವ ಕೆಲಸಗಳೆಲ್ಲ ಅದರಲ್ಲಿ ಆಗುತ್ತಿದ್ದವು.

ಎರಡು ದಿನ ಕಟ್ಟಿದ್ದು ಒಂದು ಟೆಂಪ್ಲೇಟ್, ಅಂದರೆ ಎಲ್ಲ ಹೊಂದಿಸಿಟ್ಟ ಖಾಲಿ ಪ್ರಾಜೆಕ್ಟು. ನನ್ನ ಎಂಟು ಮೈಕಿನ ಇಂಟರ್‌ಫೇಸ್ ತಂದೆ. ಎಂಟು ಟ್ರ್ಯಾಕ್‌ಗಳಿಗೆ ಹೆಸರು, ಬಣ್ಣ: ಮುಖ್ಯ ಹಾಡುಗಾರರು, ಹಿಮ್ಮೇಳ ಎಡ, ಹಿಮ್ಮೇಳ ಬಲ, ಹಾರ್ಮೋನಿಯಂ, ತಬಲಾ, ಡಗ್ಗಾ, ತಾಳ ಮತ್ತು ದಮ್ಮಡಿ, ಕೋಣೆಯ ಗಾಳಿ. ಕೊನೆಯದು ದೂರದ ಮೂಲೆಯಲ್ಲಿ ನಿಲ್ಲಿಸಿದ ಒಂಟಿ ಮೈಕು. ಟ್ರ್ಯಾಕ್‌ನ ಹೆಸರು ಮುದ್ರಣಕ್ಕೆ ಮೊದಲೇ ಇದ್ದರೆ ರೀಪರ್ ಆಡಿಯೋ ಫೈಲಿಗೂ ಅದೇ ಹೆಸರನ್ನು ಹಚ್ಚುತ್ತದೆ. ಹುಡುಕಾಟದ ಅರ್ಧ ಅಲ್ಲಿಗೇ ಮುಗಿಯಿತು. ಹಿಮ್ಮೇಳಕ್ಕೊಂದು ಬಸ್ (ಹಲವು ಟ್ರ್ಯಾಕ್‌ಗಳನ್ನು ಕೂಡಿಸಿ ಒಯ್ಯುವ ದಾರಿ), ತಾಳವಾದ್ಯಗಳಿಗೊಂದು ಬಸ್. ರಿವರ್ಬ್ ಒಂದೇ, ಅದೂ ಸೆಂಡ್ ಮೇಲೆ, ಅಂದರೆ ಎಲ್ಲ ಟ್ರ್ಯಾಕ್‌ಗಳಿಂದ ಬೇಕಾದಷ್ಟು ಧ್ವನಿ ಆ ಒಂದಕ್ಕೇ ಹೋಗುವಂತೆ. ಒಂದೇ ಕೋಣೆಯಲ್ಲಿ ಕುಳಿತು ಹಾಡುವ ಎಂಟು ಜನರಿಗೆ ಎಂಟು ಬಗೆಯ ಗವಿಗಳು ಏಕೆ ಬೇಕು? ಪ್ಲಗಿನ್‌ಗಳು ರೀಪರ್‌ನ ಜೊತೆಗೇ ಬರುವ ರಿಯಾಇಕ್ಯೂ, ರಿಯಾಕಾಂಪ್, ರಿಯಾವರ್ಬೇಟ್ ಇವೇ. ಬೇರೆ ಪ್ಲಗಿನ್‌ಗಳ ಫೋಲ್ಡರನ್ನು ಹುಡುಗನಿಂದಲೇ ಬೇರೆ ಡ್ರೈವ್‌ಗೆ ಸಾಗಿಸಿದೆ. ನನ್ನ ಮುಂದೆ ಸಾಗಿಸಿದ. ರಾತ್ರಿ ವಾಪಸು ತಂದನೋ ಗೊತ್ತಿಲ್ಲ.

ಮೆಟ್ರೊನೋಮ್ ಬಂದ್. ಗ್ರಿಡ್ ಗೆರೆಗಳನ್ನೂ ಪರದೆಯಿಂದ ಅಳಿಸಿದೆವು, ಏಕೆಂದರೆ ಗೆರೆ ಕಂಡರೆ ಹುಡುಗನ ಕೈ ತಡೆಯುವುದಿಲ್ಲ.

ಶಾರ್ಟ್‌ಕಟ್‌ಗಳ ಬಗ್ಗೆ ಬಹಳ ಹೇಳುವುದಿಲ್ಲ. ಪರದೆಯ ಕೆಳಗೆ ಒಂದು ಚೀಟಿ ಅಂಟಿಸಿದೆವು: ಎಮ್ ಒತ್ತಿದರೆ ಗುರುತು, ಎಸ್ ಒತ್ತಿದರೆ ಕತ್ತರಿ, ಜಿ ಒತ್ತಿದರೆ ಎಂಟೂ ಟ್ರ್ಯಾಕ್‌ಗಳ ತುಂಡುಗಳು ಒಂದು ಕಟ್ಟು, ಆಲ್ಟ್ ಮತ್ತು ಪಿ ಒತ್ತಿದರೆ ರಿಪಲ್, ಅಂದರೆ ನಡುವೆ ತೆಗೆದ ಜಾಗಕ್ಕೆ ಮುಂದಿನದು ತಾನೇ ಸರಿದು ಬರುವುದು. ಇವು ನಾಲ್ಕು ಮತ್ತು ಸೇವ್. ಇನ್ನೂರು ಶಾರ್ಟ್‌ಕಟ್ ಕಲಿತವರನ್ನು ನಾನು ನೋಡಿದ್ದೇನೆ. ಅವರು ಶಾರ್ಟ್‌ಕಟ್ ಕಲಿತಿರುತ್ತಾರೆ.

ಎರಡು ಬೆಳಗು

ಮುದ್ರಣಕ್ಕೆ ಬೆಳಗಿನ ಐದೂವರೆ ಗೊತ್ತು ಮಾಡಿದೆವು. ಆ ಹೊತ್ತಿಗೆ ಕೂಲರ್ ಬೇಡ, ಫ್ಯಾನೂ ಬೇಡ, ಲ್ಯಾಪ್‌ಟಾಪ್ ತಣ್ಣಗಿರುತ್ತದೆ. ನಲ್ಲಿಗೆ ನೀರು ಬರುವ ದಿನ ಮಾತ್ರ ಆಗದು: ಓಣಿಯ ಕೊಡಗಳೆಲ್ಲ ಮೈಕಿಗೆ ಬರುತ್ತವೆ. ನೀರಿಲ್ಲದ ಎರಡು ದಿನ ಆರಿಸಿದೆವು. ಪರಸಿಯ ಮೇಲೆ ಜಮಖಾನೆ. ಬೋಳು ಗೋಡೆಗಳಿಗೆ ಹುಡುಗನ ಅಜ್ಜಿಯ ಕೌದಿಗಳು, ಹಗ್ಗ ಕಟ್ಟಿ ನೇತುಹಾಕಿದವು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಗಿಂತ ಒಳ್ಳೆಯ ಸ್ಪಂಜು ನಮ್ಮ ಬಜಾರಿನಲ್ಲಿ ಸಿಗುವುದಿಲ್ಲ. ಚಪ್ಪಾಳೆ ತಟ್ಟಿದರೆ ಠಣ್ ಎನ್ನುತ್ತಿದ್ದ ಕೋಣೆ ಮೆತ್ತಗಾಯಿತು.

ಮೇಳ ಗುಡಿಯಲ್ಲಿ ಕೂರುವಂತೆ ಅರ್ಧಚಂದ್ರವಾಗಿ ಕುಳಿತಿತು. ಯಾರ ಕಿವಿಗೂ ಹೆಡ್‌ಫೋನ್ ಇಲ್ಲ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದೆವು. ಅಷ್ಟಕ್ಕೇ ಸ್ಪೀಕರಿನ ಗುಂಯ್‌ಗುಡುವಿಕೆ ಹೋಯಿತು. ರೆಕಾರ್ಡ್ ಒತ್ತಿದ ಮೇಲೆ ನಿಲ್ಲಿಸಬಾರದು ಎಂಬುದು ಕರಾರು. ಪದಕ್ಕೂ ಪದಕ್ಕೂ ನಡುವೆ ಕೆಮ್ಮಲಿ, ನೀರು ಕುಡಿಯಲಿ, ಶ್ರುತಿ ಸರಿಮಾಡಿಕೊಳ್ಳಲಿ, ಟೇಪು ಓಡುತ್ತಲೇ ಇರಲಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ ತಿನ್ನುತ್ತದೆ, ಎಂಟು ಟ್ರ್ಯಾಕ್‌ಗಳು ಗಂಟೆಗೆ 4 ಜಿಬಿಯ ಮೇಲೆ ಸ್ವಲ್ಪ. ನಾಲ್ಕು ಗಂಟೆಗೆ 17 ಜಿಬಿ ಕೂಡ ಆಗದು. ಹುಡುಗ ಪ್ರತಿ ಟೇಕಿಗೂ ಮೌಸ್ ಹಿಡಿದು ನಿಲ್ಲಿಸಿ, ಹೊಸ ಫೈಲು ಮಾಡಿ, ಮತ್ತೆ ಎಣಿಸಿ ಶುರುಮಾಡುವಾಗ ಮೇಳದ ಮೈಯಲ್ಲಿ ಏರಿದ್ದ ಬಿಸಿ ಇಳಿದುಹೋಗುತ್ತಿತ್ತು. ಈಗ ಅವನ ಕೆಲಸ ಒಂದೇ: ಪದ ಎದ್ದಾಗ ಎಮ್, ಮುಗಿದಾಗ ಎಮ್. ನಾನು ಪಕ್ಕದಲ್ಲಿ ಕಾಗದದ ಮೇಲೆ ಪ್ರತಿ ನುಡಿಗೂ ಸರಿ, ತಪ್ಪು, ಅನುಮಾನ ಎಂದು ಗುರುತು ಹಾಕುತ್ತ ಹೋದೆ.

ಮೊದಲ ಬೆಳಗು ನನ್ನ ತಪ್ಪಿನಿಂದ ಎರಡು ಪದ ಕೆಟ್ಟವು. ಪಲ್ಲವಿ ಹಾಡಿಸಿ ಮೈಕುಗಳ ಮಟ್ಟ ಹೊಂದಿಸಿದ್ದೆ. ಪಲ್ಲವಿ ನಿಧಾನ, ಮೆದು. ಕೊನೆಯ ನುಡಿಗೆ ಬಂದಾಗ ಹಿಮ್ಮೇಳ ಎದ್ದು ನಿಂತಷ್ಟು ಜೋರಾಗಿ ಹಾಡಿತು, ತಾಳ ಕಿವಿಗಡಚಿಕ್ಕುವಂತೆ ಬಿತ್ತು, ಮೀಟರ್ ಕೆಂಪಾಗಿ ಕುಳಿತಿತು. ಹರಿದ ಧ್ವನಿಯನ್ನು ಹೊಲಿಯುವ ಸೂಜಿ ಯಾವ ಸಾಫ್ಟ್‌ವೇರ್‌ನಲ್ಲೂ ಚೆನ್ನಾಗಿಲ್ಲ. ಜಾತ್ರೆಗಳಲ್ಲಿ ಇಷ್ಟು ವರ್ಷ ಮಿಕ್ಸರ್ ಹಿಡಿದವನು ಇದನ್ನು ಮರೆತದ್ದಕ್ಕೆ ಹುಡುಗ ಇನ್ನೂ ನಗುತ್ತಾನೆ. ಮರುದಿನ ಮೊದಲು ಕೊನೆಯ ನುಡಿಯನ್ನೇ ಹಾಡಿಸಿದೆ, ಅತಿ ಜೋರಿನ ಜಾಗ ಮೈನಸ್ 12 ಡೆಸಿಬಲ್ ದಾಟದಂತೆ ಇಳಿಸಿದೆ. 24 ಬಿಟ್‌ನಲ್ಲಿ ಮಟ್ಟ ಕಡಿಮೆಯಾಯಿತೆಂದು ಚಿಂತಿಸಬೇಕಿಲ್ಲ; ಹಿನ್ನೆಲೆಯ ಸದ್ದು ಅದಕ್ಕಿಂತ ಬಹಳ ಕೆಳಗಿರುತ್ತದೆ. ಕೆಟ್ಟ ಎರಡನ್ನೂ ಮತ್ತೆ ಹಾಡಿದರು. ಹನ್ನೆರಡೂ ಪದಗಳು ಎರಡೆರಡು ಸಲ, ಎರಡು ಬೆಳಗಿನಲ್ಲಿ ಮುಗಿದವು. ಎಂಟೂವರೆಗೆ ಉಪ್ಪಿಟ್ಟು ತಿಂದು ಬಸ್ಸಿಗೆ ಹೋದರು.

ಧಾ ಬೀಳುವ ಮೊದಲು

ಟೇಕ್ ಆರಿಸಲು ಮೇಳದಿಂದ ಒಬ್ಬರೇ ಬರಬೇಕು ಎಂದಿದ್ದೆವು. ಹಿಂದೆ ಎಂಟೂ ಜನ ಮೊಬೈಲಿನಲ್ಲಿ ಕೇಳಿ ಎಂಟು ಧ್ವನಿಸಂದೇಶ ಕಳಿಸುತ್ತಿದ್ದರು. ಒಬ್ಬರಿಗೆ ಹಾರ್ಮೋನಿಯಂ ಹೆಚ್ಚು, ಇನ್ನೊಬ್ಬರಿಗೆ ಅದೇ ಕಡಿಮೆ. ಎದ್ದುಹೋಗಿದ್ದ ಹಿರಿಯರೇ ಬಂದರು. ನನ್ನ ಕಾಗದ ಅವರ ಮುಂದಿತ್ತು, ಆದರೆ ಅವರು ಅದನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಕೇಳಿ, ಬೆರಳೆತ್ತಿ ಹೇಳಿದರು: ಮೊದಲನೆಯದು, ಎರಡನೆಯದು, ಮೊದಲನೆಯದೇ ಆದರೆ ಮೂರನೇ ನುಡಿ ಎರಡನೆಯದರಿಂದ. ಮೂರು ಗಂಟೆಯಲ್ಲಿ ಹನ್ನೆರಡು ಪದ ಮುಗಿಯಿತು. ನಾನು ತಪ್ಪು ಎಂದು ಗುರುತು ಹಾಕಿದ್ದ ನಾಲ್ಕು ಜಾಗಗಳನ್ನು ಅವರು ಸರಿ ಎಂದರು. ಅಲ್ಲಿ ಹಾಡುಗಾರರು ಮಾತು ಬದಲಿಸಿರಲಿಲ್ಲ, ಸ್ವರವನ್ನಷ್ಟೇ ಬೇರೆ ದಾರಿಯಲ್ಲಿ ಒಯ್ದಿದ್ದರು.

ಆ "ಮೂರನೇ ನುಡಿ ಎರಡನೆಯದರಿಂದ" ಎಂಬ ಮಾತೇ ಇಡೀ ಸಂಕಲನದ ಕಷ್ಟ. ಮೆಟ್ರೊನೋಮ್ ಇಲ್ಲದ ಎರಡು ಟೇಕ್‌ಗಳ ವೇಗ ಒಂದೇ ಇರುವುದಿಲ್ಲ. ಹುಡುಗ ಮೊದಲು ನುಡಿ ಶುರುವಾಗುವ ಜಾಗದಲ್ಲೇ ಕತ್ತರಿಸಿ ಅಂಟಿಸಿದ. ಕೇಳಿದರೆ ಮೆಟ್ಟಿಲಿಲ್ಲದ ಜಾಗದಲ್ಲಿ ಕಾಲಿಟ್ಟಂತೆ ಎಡವುತ್ತಿತ್ತು. ಒಂದು ಟೇಕಿನ ಪಲ್ಲವಿ 82ರಲ್ಲಿ ಇಳಿದರೆ ಇನ್ನೊಂದರ ನುಡಿ 86ರಲ್ಲಿ ಏಳುತ್ತಿತ್ತು. ಹಳೆಯ ಹುಡುಗನಾಗಿದ್ದರೆ ಎಳೆದು ಕೂರಿಸುತ್ತಿದ್ದ. ಅಭ್ಯಾಸಬಲದಿಂದ ಕೈ ಅತ್ತ ಹೋಯಿತು ಕೂಡ.

ಸಿಕ್ಕ ದಾರಿ ಹೀಗಿತ್ತು. ನುಡಿ ಮುಗಿದು ಪಲ್ಲವಿಗೆ ಮರಳುವಲ್ಲಿ ಹಿಮ್ಮೇಳ ಸಾಲನ್ನು ಎರಡು ಸಲ ಎತ್ತಿಕೊಳ್ಳುತ್ತದೆ. ಆ ಎರಡನೆಯ ಎತ್ತುಗೆಯಲ್ಲಿ ವೇಗ ಸಹಜವಾಗಿಯೇ ಏರುತ್ತದೆ, ಕೇಳುವವನ ಕಿವಿ ಅಲ್ಲಿ ಏರಿಕೆಯನ್ನು ಕಾಯುತ್ತಿರುತ್ತದೆ. ಅಲ್ಲಿ ಕತ್ತರಿಸಿದರೆ 82ರಿಂದ 86ಕ್ಕೆ ಹಾರಿದ್ದು ಮೇಳ ತಾನೇ ಹುರುಪಾದಂತೆ ಕೇಳಿಸುತ್ತದೆ. ಅಲ್ಲಿಯೂ ಸಮದ (ತಾಳದ ಸುತ್ತು ಶುರುವಾಗುವ ಜಾಗದ) ಧಾ ಪೆಟ್ಟಿನ ಮೇಲೆ ಅಲ್ಲ, ಅದರ ಮುಂಚಿನ ಕೂದಲೆಳೆಯ ಜಾಗದಲ್ಲಿ. ಧಾ ಬಿದ್ದ ಮೇಲೆ ಕತ್ತರಿಸಿದರೆ ಹಳೆಯ ಪೆಟ್ಟಿನ ಬಾಲ ಹೊಸ ಟೇಕಿನಲ್ಲಿ ಜೋತಾಡುತ್ತದೆ. ಮೊದಲೇ ಕತ್ತರಿಸಿದರೆ ಹೊಸ ಪೆಟ್ಟು ಹೊಲಿಗೆಯನ್ನು ಮುಚ್ಚುತ್ತದೆ. ಪರದೆಯ ಮೇಲಿನ ಧ್ವನಿಯ ತರಂಗವನ್ನು ಹಿಗ್ಗಿಸಿ, ತಬಲಾದ ಟ್ರ್ಯಾಕ್‌ನಲ್ಲಿ ಪೆಟ್ಟಿನ ಕಡಿದು ಏಳುವ ಗೋಡೆ ಕಂಡ ಕೂಡಲೇ ಅದರ ಎಡಕ್ಕೆ ಎಸ್. ಹತ್ತು ಮಿಲಿಸೆಕೆಂಡಿನ ಕ್ರಾಸ್‌ಫೇಡ್, ಅಂದರೆ ಹಳೆಯದು ಇಳಿಯುತ್ತ ಹೊಸದು ಏರುವುದು. ಕತ್ತರಿ ಎಂಟೂ ಟ್ರ್ಯಾಕ್‌ಗಳ ಮೇಲೆ ಒಟ್ಟಿಗೆ ಬೀಳಬೇಕು, ಅದಕ್ಕೇ ಜಿ ಒತ್ತಿ ಕಟ್ಟು ಹಾಕಿದ್ದು. ಒಂದೇ ಕೋಣೆಯಲ್ಲಿ ಎಲ್ಲರ ಧ್ವನಿ ಎಲ್ಲರ ಮೈಕಿನಲ್ಲೂ ಸೋರಿರುತ್ತದೆ. ಏಳನ್ನು ಕತ್ತರಿಸಿ ಒಂದನ್ನು ಬಿಟ್ಟರೆ ಅದರಲ್ಲಿ ಹಳೆಯ ಟೇಕಿನ ದೆವ್ವ ಹಾಡುತ್ತಿರುತ್ತದೆ. ಮೊದಲ ಹೊಲಿಗೆಗೆ ಹುಡುಗ ನಲವತ್ತು ನಿಮಿಷ ತೆಗೆದುಕೊಂಡ. ಐದನೆಯದಕ್ಕೆ ಮೂರು.

ಇದೇ ಸೋರಿಕೆ ಒಂದು ಪದವನ್ನು ನುಂಗಿತು. ನಾಲ್ಕನೇ ನುಡಿಯಲ್ಲಿ ಮುಖ್ಯ ಹಾಡುಗಾರರು ಎರಡೂ ಟೇಕ್‌ಗಳಲ್ಲಿ ಒಂದು ಮಾತನ್ನು ನುಂಗಿದ್ದರು. ತತ್ವಪದದಲ್ಲಿ ಒಂದಕ್ಷರ ಹೋದರೆ ಅರ್ಥ ತಲೆಕೆಳಗಾಗುತ್ತದೆ. ಬೇರೆ ಕಡೆಯಿಂದ ಆ ಅಕ್ಷರವನ್ನು ತಂದು ಅವರ ಟ್ರ್ಯಾಕ್‌ನಲ್ಲಿ ಕೂರಿಸಲು ಹುಡುಗ ಎರಡು ಗಂಟೆ ಹೆಣಗಿದ. ಕೂತಿತು, ಆದರೆ ನುಂಗಿದ ಮಾತು ಹಿಮ್ಮೇಳದ ಮೈಕುಗಳಲ್ಲಿ, ಕೋಣೆಯ ಮೈಕಿನಲ್ಲಿ ಹಾಗೆಯೇ ಉಳಿದಿತ್ತು. ಪದರ ಪದರವಾಗಿ ಮುದ್ರಿಸಿದ್ದರೆ ಇದು ಐದು ನಿಮಿಷದ ಕೆಲಸ, ನಾನು ಒಪ್ಪುತ್ತೇನೆ. ಮುದ್ರಿಸಿದ ಬೆಳಗ್ಗೆಯೇ ನನ್ನ ಕಿವಿ ಚುರುಕಾಗಿದ್ದಿದ್ದರೆ ಮೂರನೇ ಸಲ ಹಾಡಿಸಬಹುದಿತ್ತು. ಹಿರಿಯರು ಕೇಳಿ ತಲೆಯಾಡಿಸಿದರು: "ಇದನ್ನು ಬಿಟ್ಟುಬಿಡಿ." ಹನ್ನೊಂದಾಯಿತು.

ಹಾರ್ನಿನಲ್ಲಿ ಕೇಳಿದಾಗ

ಮಿಕ್ಸಿಂಗ್ ಬಗ್ಗೆ ಹೇಳುವುದು ಕಡಿಮೆ. ಮೊದಲ ಪದಕ್ಕೆ ಒಂದು ದಿನ ಹಿಡಿಯಿತು. ಆ ಹೊಂದಾಣಿಕೆಯನ್ನೇ ಉಳಿದವಕ್ಕೆ ಹಾಕಿ, ಹಿಮ್ಮೇಳದ ಏರಿಳಿತವನ್ನು ಮಾತ್ರ ಪದಕ್ಕೆ ತಕ್ಕಂತೆ ತಿದ್ದಿದೆವು. ಒಂದೇ ಕೋಣೆ, ಒಂದೇ ಕೂರಿಕೆ, ಅವೇ ಮೈಕುಗಳು. ಬೇರೆ ಬೇರೆ ಮಾಡುವುದಕ್ಕೆ ಕಾರಣವಿರಲಿಲ್ಲ. ಒಟ್ಟು ಪದಕ್ಕೆ ಎರಡು ಗಂಟೆಯ ಲೆಕ್ಕದಲ್ಲಿ ಆರು ದಿನಕ್ಕೆ ಮುಗಿಯಿತು.

ಕೇಳುವ ಜಾಗದ ಬಗ್ಗೆ ಮಾತ್ರ ಒಂದು ಮಾತು. ಹುಡುಗನ ಮಾನಿಟರ್ ಸ್ಪೀಕರಿನಲ್ಲಿ ಡಗ್ಗಾ ಎದೆಗೆ ಬಡಿಯುತ್ತಿತ್ತು, ಅವನಿಗೆ ಅದೇ ಹೆಮ್ಮೆ. ಈ ಪದಗಳು ಬಾಳುವುದು ಗುಡಿಯ ಮೇಲಿನ ಹಾರ್ನಿನಲ್ಲಿ, ಟ್ರ್ಯಾಕ್ಟರಿನ ಡಬ್ಬಿಯಲ್ಲಿ. ಹಾರ್ನು ಸುಮಾರು 300 ಹರ್ಟ್ಸ್‌ನ ಕೆಳಗಿನದನ್ನು ಹೊರಗೇ ಬಿಡುವುದಿಲ್ಲ. ಮಾಸ್ಟರ್ ಟ್ರ್ಯಾಕ್‌ನಲ್ಲಿ ಒಂದು ರಿಯಾಇಕ್ಯೂ ಹಾಕಿ 300ರ ಕೆಳಗೆ ಕಡಿದು, ಎಡಬಲ ಕೂಡಿಸಿ ಮೋನೋ ಮಾಡಿ, ಒಂದು ಗುಂಡಿ ಒತ್ತಿದರೆ ಹಾರ್ನಿನಂತೆ ಕೇಳಿಸುವ ಏರ್ಪಾಡು ಮಾಡಿದೆ. ಗುಂಡಿ ಒತ್ತಿದೊಡನೆ ಡಗ್ಗಾ ಮಾಯ, ತಾಳ ಮಾತ್ರ ಚುಚ್ಚುತ್ತಿತ್ತು. ಹುಡುಗನ ಮುಖ ನೋಡಬೇಕಿತ್ತು. ತಾಳವನ್ನು ಇಳಿಸಿ, ಡಗ್ಗಾದ ಮೇಲುಸ್ವರಗಳನ್ನು ಸ್ವಲ್ಪ ಎತ್ತಿದೆವು. ಕೋಣೆಯಲ್ಲಿ ಕೇಳಿದರೆ ತುಸು ಒರಟು, ಹಾರ್ನಿನಲ್ಲಿ ಸರಿ. ಗಟ್ಟಿತನವನ್ನು ಯೂಟ್ಯೂಬ್‌ಗೆಂದು ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ಹತ್ತಿರ ಇಟ್ಟೆವು, ಅದಕ್ಕಿಂತ ಒತ್ತಿದರೆ ನಿಧಾನದ ಪಲ್ಲವಿಗೂ ದ್ರುತದ ನುಡಿಗೂ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ.

ಹೊರತೆಗೆಯುವ ಕೆಲಸ ಹಿಂದೆ ಪದಕ್ಕೆ ಹತ್ತು ನಿಮಿಷ ತಿನ್ನುತ್ತಿತ್ತು. ಈಗ ಹನ್ನೊಂದು ಪದಗಳೂ ಒಂದೇ ಪ್ರಾಜೆಕ್ಟಿನಲ್ಲಿ ಹನ್ನೊಂದು ರೀಜನ್, ಅಂದರೆ ಹೆಸರಿಟ್ಟು ಗುರುತಿಸಿದ ಭಾಗಗಳು. ಪ್ರತಿ ರೀಜನ್‌ಗೆ ಕ್ರಮಸಂಖ್ಯೆ ಮತ್ತು ಪಲ್ಲವಿಯ ಮೊದಲ ಪದ. ಫೈಲಿನ ಹೆಸರು ಕೇಳುವ ಜಾಗದಲ್ಲಿ ಡಾಲರ್ ಚಿಹ್ನೆ ಹಚ್ಚಿ ರೀಜನ್ ಎಂದು ಬರೆದರೆ ರೀಪರ್ ಎಲ್ಲವನ್ನೂ ತಾನೇ ಹೆಸರಿಟ್ಟು ಹೊರಹಾಕುತ್ತದೆ. ಗುಂಡಿ ಒತ್ತಿ ಸೂಪರ್ ಮಾರ್ಕೆಟ್ ಕಡೆ ಹೋಗಿ ಚಹಾ ಕುಡಿದು ಬಂದೆವು. ಈ ಸಲ ಎಂಟು ನಿಮಿಷವಲ್ಲ.

ಜೂನ್ 10ರ ಮಧ್ಯಾಹ್ನ ಪೆನ್‌ಡ್ರೈವ್ ಹಿರಿಯರ ಕೈಗೆ ಕೊಟ್ಟೆವು. ಅವರು ಅಫಜಲಪುರದ ಬಸ್ಸು ಹತ್ತಿದರು. ನಾಲ್ಕು ದಿನದ ಮೇಲೆ ಫೋನು: ಊರಿನ ಹುಡುಗರು ಬೇರೆ ಪೆನ್‌ಡ್ರೈವ್‌ಗಳಿಗೆ ಹಾಕಿಕೊಂಡಿದ್ದಾರೆ, ಟ್ರ್ಯಾಕ್ಟರಿನಲ್ಲಿ ಹಚ್ಚಿದರೆ ಮಂಗಳದ ಪದವೇ ಮೊದಲು ಬರುತ್ತಿದೆ. ಅಗ್ಗದ ಪ್ಲೇಯರ್‌ಗಳು ಹೆಸರಿನ ಕ್ರಮ ನೋಡುವುದಿಲ್ಲ. ಯಾವ ಫೈಲು ಮೊದಲು ನಕಲಾಯಿತೋ ಅದನ್ನು ಮೊದಲು ನುಡಿಸುತ್ತವೆ. ಪೆನ್‌ಡ್ರೈವ್ ಅಳಿಸಿ, ಒಂದೊಂದಾಗಿ ಕ್ರಮದಲ್ಲಿ ನಕಲು ಮಾಡಬೇಕೆಂದು ಹುಡುಗ ಫೋನಿನಲ್ಲೇ ಹೇಳಿಕೊಟ್ಟ.

ಅಷ್ಟರಲ್ಲಿ ಮಳೆ ಬಿದ್ದಿತ್ತು. ಬಿಟ್ಟ ಒಂದು ಪದವನ್ನು ತೊಗರಿ ರಾಶಿ ಮುಗಿದ ಮೇಲೆ ಬಂದು ಹಾಡುತ್ತೇವೆ ಎಂದಿದ್ದಾರೆ. ಎಂಟು ಹೆಸರುಗಳ ಆ ಖಾಲಿ ಪ್ರಾಜೆಕ್ಟು ಹಾಗೆಯೇ ಇದೆ. ಕೌದಿಗಳನ್ನು ಮಾತ್ರ ಅಜ್ಜಿ ವಾಪಸು ಕೇಳಿದ್ದಾಳೆ, ಚಳಿಗಾಲ ಬರುತ್ತದೆಂದು.